ವೇದಾ: ಅರ್ಧ ಹೆಸರು, ಅರ್ಧ ಹೊಳೆ

ಇವತ್ತಿನ ಹೆಸರು ‘ವೇದಾ’. ಅಜ್ಜಿಯರ ಕಾಲದ ‘ವೇದವತಿ’ಯ ಮೊಟಕು ರೂಪ. ಸಂಸ್ಕೃತದ ‘ವಿದ್’ ಅಂದ್ರೆ ತಿಳಿಯೋದು. ವೇದವತಿ ಅಂದ್ರೆ ತಿಳಿವುಳ್ಳವಳು. ರಾಮಾಯಣದಲ್ಲಿ ರಾವಣ ಕೂದಲಿಗೆ ಕೈ ಹಾಕಿದ್ದಕ್ಕೆ ಬೆಂಕಿ ಹೊಕ್ಕು, ಸೀತೆಯಾಗಿ ಮತ್ತೆ ಹುಟ್ಟಿದವಳೂ ಇವಳೇ.

ಆದ್ರೆ ನಮ್ಮ ಕಡೂರು ಸೀಮೆಯ ನದಿ ‘ವೇದಾವತಿ’. ‘ದಾ’ ದೀರ್ಘ ನೋಡಿ. ವೇದಾ, ಅವತಿ ಅಂತ ಎರಡು ಹೊಳೆ ಸೇರಿ ಆದ ಹೆಸರಿದು. ಎರಡೂ ಬಾಬಾ ಬುಡನ್‌ಗಿರಿ ಸಾಲಿನವು. ವೇದಾ ಅಯ್ಯನಕೆರೆ ಕಡೆಯಿಂದ ಬರುತ್ತೆ, ಅವತಿ ಎಮ್ಮೆದೊಡ್ಡಿಯ ಮದಗದ ಕೆರೆ ಕಡೆಯಿಂದ. ಕೂಡಿದ ನೀರು ಮುಂದೆ ಹಿರಿಯೂರಿನ ವಾಣಿವಿಲಾಸ ಸಾಗರ ತುಂಬುತ್ತೆ.

ಅಂದ್ರೆ ‘ವೇದಾ’ ಅಂತ ಮೊಟಕು ಮಾಡಿದಾಗ ಬಿಟ್ಟುಹೋಗೋದು ಎಮ್ಮೆದೊಡ್ಡಿ ನೀರು. ಹೆಸರು ಚಿಕ್ಕದಾಗೇ ಇರಲಿ. ಮಗಳು ಅರ್ಥ ಕೇಳಿದ ದಿನ ಅವತಿ ಕಥೆನೂ ಸೇರಿಸಿ ಹೇಳಿ.