ಪಾಚಿಯಿಂದ ಕಣ್ಣಿಗೆ: ಝುವೊ-ಹುವಾ ಪಾನ್ ಎಂಬ ವಿಜ್ಞಾನಿಯ ಕಥೆ

ಜೀವಶಾಸ್ತ್ರದ ತರಗತಿಯಲ್ಲಿ ಪಾಚಿಗಳ ಪಾಠ ಬಂದಾಗ ಕ್ಲಾಮಿಡೋಮೊನಾಸ್‌ನ ಚಿತ್ರ ಬಿಡಿಸಲು ಹೇಳುತ್ತೇವೆ. ಮೊಟ್ಟೆಯಾಕಾರದ ಒಂದೇ ಒಂದು ಕೋಶ, ಮುಂಭಾಗದಲ್ಲಿ ಮೀಸೆಯಂತೆ ಎರಡು ಕಶಾಂಗಗಳು, ಬದಿಯಲ್ಲಿ ಕೆಂಪಗಿನ ಕಣ್ಣುಚುಕ್ಕೆ. ಮಕ್ಕಳು ಚಿತ್ರ ಬಿಡಿಸಿ, ಭಾಗಗಳ ಹೆಸರು ಬರೆದು, ಅಂಕ ಗಳಿಸುತ್ತಾರೆ. "ಇದನ್ನು ಕಲಿತು ಏನು ಪ್ರಯೋಜನ ಸರ್?" ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ತಡವರಿಸುತ್ತೇವೆ. ಆ ಪ್ರಶ್ನೆಗೆ ಒಳ್ಳೆಯ ಉತ್ತರವೊಂದು ಅಮೆರಿಕದ ಡೆಟ್ರಾಯಿಟ್ ನಗರದಲ್ಲಿದೆ. ಆ ಉತ್ತರವನ್ನು ಕಂಡುಕೊಂಡವರ ಹೆಸರು ಝುವೊ-ಹುವಾ ಪಾನ್.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ನರಕೋಶಗಳು ವಿದ್ಯುತ್ ಸಂಕೇತಗಳ ಮೂಲಕ ಕೆಲಸ ಮಾಡುತ್ತವೆ ಎಂಬುದು ಹಳೆಯ ತಿಳಿವಳಿಕೆ. ಇಟಲಿಯ ಗಾಲ್ವಾನಿ 18ನೇ ಶತಮಾನದಲ್ಲೇ ಸತ್ತ ಕಪ್ಪೆಯ ಕಾಲಿಗೆ ವಿದ್ಯುತ್ ಮುಟ್ಟಿಸಿ ಅದು ಅದುರುವುದನ್ನು ತೋರಿಸಿದ್ದ. ಆದರೆ ಮಿದುಳಿಗೆ ತಂತಿ ಚುಚ್ಚಿ ವಿದ್ಯುತ್ ಹಾಯಿಸಿದರೆ ಸುತ್ತಲಿನ ಎಲ್ಲ ಕೋಶಗಳೂ ಒಟ್ಟಿಗೆ ಕೆರಳುತ್ತವೆ. ಯಾವ ಕೋಶದ ಕೆಲಸ ಯಾವುದು ಎಂದು ತಿಳಿಯುವುದು ಹೇಗೆ? ಡಿಎನ್ಎ ರಚನೆಯನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್ 1979ರಲ್ಲಿ ಇದನ್ನೇ ಬರೆದರು. ಒಂದು ಬಗೆಯ ನರಕೋಶಗಳನ್ನು ಮಾತ್ರ ಹತೋಟಿಗೆ ತಂದು, ಉಳಿದವನ್ನು ಹಾಗೆಯೇ ಬಿಡುವ ಉಪಾಯ ಬೇಕು ಎಂದರು. ಇಪ್ಪತ್ತು ವರ್ಷಗಳ ನಂತರ, ಅದಕ್ಕೆ ಬೆಳಕೇ ಸರಿಯಾದ ಸಾಧನವಾದೀತು ಎಂದೂ ಅವರು ಸೂಚಿಸಿದರು. ಆದರೆ ನರಕೋಶಕ್ಕೆ ಬೆಳಕು ಕಾಣುವುದಿಲ್ಲವಲ್ಲ!

ಇತ್ತ ಜರ್ಮನಿಯಲ್ಲಿ ಪೀಟರ್ ಹೆಗೆಮಾನ್ ಎಂಬ ವಿಜ್ಞಾನಿ ಮಿದುಳಿನ ಗೊಡವೆಯೇ ಇಲ್ಲದೆ, ಕ್ಲಾಮಿಡೋಮೊನಾಸ್ ಬೆಳಕಿನತ್ತ ಹೇಗೆ ಈಜುತ್ತದೆ ಎಂಬುದರ ಬೆನ್ನು ಹತ್ತಿದ್ದರು. ಗೆಯೋರ್ಗ್ ನಾಗೆಲ್, ಅರ್ನ್‌ಸ್ಟ್ ಬಾಂಬರ್ಗ್ ಮೊದಲಾದವರ ಜೊತೆ ಸೇರಿ 2002 ಮತ್ತು 2003ರಲ್ಲಿ ಅವರು ಉತ್ತರ ಪ್ರಕಟಿಸಿದರು. ಪಾಚಿಯ ಕಣ್ಣುಚುಕ್ಕೆಯ ಬಳಿ, ಕೋಶದ ಪೊರೆಯಲ್ಲಿ, ಬಾಗಿಲಿನಂಥ ಪ್ರೊಟೀನು ಇದೆ. ನೀಲಿ ಬೆಳಕು ಬಿದ್ದೊಡನೆ ಅದು ತೆರೆದುಕೊಂಡು ಧನ ವಿದ್ಯುದಂಶದ ಅಯಾನುಗಳನ್ನು ಒಳಗೆ ಬಿಡುತ್ತದೆ. ಅದರ ಹೆಸರು ಚಾನೆಲ್‌ರೊಡಾಪ್ಸಿನ್. ನಮ್ಮ ಕಣ್ಣಿನಲ್ಲಿ ಬೆಳಕು ಸಂಕೇತವಾಗಬೇಕಾದರೆ ಹಲವು ಪ್ರೊಟೀನುಗಳು ಒಂದರ ಹಿಂದೆ ಒಂದು ಕೆಲಸ ಮಾಡಬೇಕು. ಪಾಚಿಯಲ್ಲಿ ಒಂದೇ ಪ್ರೊಟೀನು ಬೆಳಕನ್ನೂ ಗ್ರಹಿಸುತ್ತದೆ, ಬಾಗಿಲನ್ನೂ ತೆರೆಯುತ್ತದೆ.

ಈ ಸುದ್ದಿ ಓದಿದ ಪಾನ್ ಅವರಿಗೆ ಕಾಯುತ್ತಿದ್ದ ವಸ್ತು ಕೈಗೆ ಸಿಕ್ಕಂತಾಯಿತು. ಚೀನಾದಿಂದ ಅಮೆರಿಕಕ್ಕೆ ಬಂದು, ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕಣ್ಣಿನ ಅಕ್ಷಿಪಟಲವನ್ನು ಅಭ್ಯಸಿಸುತ್ತಿದ್ದವರು ಅವರು. ಕೆಲವು ಬಗೆಯ ಅನುವಂಶೀಯ ಕುರುಡಿನಲ್ಲಿ ಬೆಳಕನ್ನು ಗ್ರಹಿಸುವ ದಂಡಕೋಶ, ಶಂಕುಕೋಶಗಳು ಸಾಯುತ್ತವೆ. ಆದರೆ ಅವುಗಳ ಹಿಂದಿನ ನರಕೋಶಗಳಲ್ಲಿ ಎಷ್ಟೋ ಬದುಕಿರುತ್ತವೆ. ದೀಪ ಆರಿದ ಮನೆಯಲ್ಲಿ ತಂತಿಗಳು ಮಾತ್ರ ಸರಿಯಾಗಿ ಉಳಿದ ಹಾಗೆ. ಉಳಿದ ಆ ಕೋಶಗಳಿಗೇ ಬೆಳಕು ಗ್ರಹಿಸಲು ಕಲಿಸಿದರೆ? ಇದು ಪಾನ್ ಅವರ ತಲೆಯಲ್ಲಿದ್ದ ಪ್ರಶ್ನೆ.

ಸಹೋದ್ಯೋಗಿ ಅಲೆಕ್ಸಾಂಡರ್ ಡಿಜೂರ್ ಅವರೊಡನೆ ಕೂಡಿ ಅವರು ಪಾಚಿಯ ಜೀನನ್ನು ಅಕ್ಷಿಪಟಲದ ನರಕೋಶಗಳಿಗೆ ಸೇರಿಸಿದರು. 2004ರ ಫೆಬ್ರವರಿಯಲ್ಲಿ ನೀಲಿ ಬೆಳಕು ಹಾಯಿಸಿದಾಗ ಕೋಶ ವಿದ್ಯುತ್ ಸಂಕೇತ ಕೊಟ್ಟಿತು. ಬಳಿಕ ರೋಗ ತರದ ಒಂದು ವೈರಸ್ಸಿನ ಮೂಲಕ ಜೀವಂತ ಪ್ರಾಣಿಗಳ ಕಣ್ಣಿಗೇ ಆ ಜೀನನ್ನು ಕಳಿಸಿದರು. ಅಲ್ಲಿಯೂ ಫಲ ಸಿಕ್ಕಿತು. ವರ್ಷದ ಕೊನೆಯಲ್ಲಿ ಪ್ರಬಂಧ ಬರೆದು ಹೆಸರಾಂತ ಪತ್ರಿಕೆಗೆ ಕಳಿಸಿದರು. ಅದು ತಿರಸ್ಕೃತವಾಯಿತು. ಇನ್ನೊಂದಕ್ಕೆ ಕಳಿಸಿದರು, ಅಲ್ಲಿಂದಲೂ ಮರಳಿತು.

ಅದೇ ವೇಳೆಗೆ ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್‌ನಲ್ಲಿ ಮನೋವೈದ್ಯ ಕಾರ್ಲ್ ಡೈಸೆರಾತ್ ಮತ್ತು ಸಂಶೋಧನಾ ವಿದ್ಯಾರ್ಥಿ ಎಡ್ವರ್ಡ್ ಬಾಯ್ಡನ್ ಕೂಡ ಅದೇ ಪಾಚಿಯ ಜೀನನ್ನು ನಾಗೆಲ್ ಅವರಿಂದ ತರಿಸಿಕೊಂಡಿದ್ದರು. ಅವರ ಪ್ರಯೋಗ ಮೊದಲು ಫಲಿಸಿದ್ದು 2004ರ ಆಗಸ್ಟ್‌ನಲ್ಲಿ. ಇಲಿಯ ಮಿದುಳಿನಿಂದ ತೆಗೆದು ಬೆಳೆಸಿದ ನರಕೋಶಗಳನ್ನು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಕರಾರುವಾಕ್ಕಾಗಿ ಬೆಳಕಿನಿಂದ ನಡೆಸಬಹುದೆಂದು ಅವರು ತೋರಿಸಿದರು. ಅವರ ಪ್ರಬಂಧ 2005ರ ಆಗಸ್ಟ್‌ನಲ್ಲಿ ಪ್ರಕಟವಾಯಿತು. ಪಾನ್ ಅವರದು ಬೆಳಕು ಕಂಡದ್ದು 2006ರ ಏಪ್ರಿಲ್‌ನಲ್ಲಿ! ಮಾಡಿದ್ದು ಆರು ತಿಂಗಳು ಮುಂಚೆ, ಅಚ್ಚಾದದ್ದು ಎಂಟು ತಿಂಗಳು ತಡವಾಗಿ.

ಹಾಗೆಂದು ಸ್ಟ್ಯಾನ್‌ಫರ್ಡ್‌ನವರು ಕದ್ದರು ಎಂದು ಯಾರೂ ಭಾವಿಸಬಾರದು. ಅವರು ತಮ್ಮ ಪಾಡಿಗೆ ತಾವು ದುಡಿದವರು. ಈ ವಿಧಾನಕ್ಕೆ 2006ರಲ್ಲಿ 'ಆಪ್ಟೊಜೆನೆಟಿಕ್ಸ್' ಎಂಬ ಹೆಸರು ಬಂದದ್ದೂ ಡೈಸೆರಾತ್ ತಂಡದಿಂದಲೇ. ತೆಳುವಾದ ಬೆಳಕಿನ ನಾರನ್ನು ಇಲಿಯ ತಲೆಯೊಳಗೆ ಇಳಿಸಿ, ಓಡಾಡುವ ಇಲಿಯಲ್ಲೇ ಪ್ರಯೋಗ ಮಾಡಬಹುದೆಂದು ತೋರಿಸಿ, ಲೋಕದ ಪ್ರಯೋಗಾಲಯಗಳಿಗೆಲ್ಲ ಈ ಸಾಧನವನ್ನು ಹಂಚಿದವರೂ ಅವರೇ. ನಿದ್ರೆ, ಭಯ, ನೆನಪು, ಚಟಗಳ ಬಗ್ಗೆ ಇಂದು ಗೊತ್ತಿರುವ ಎಷ್ಟೋ ಸಂಗತಿಗಳು ಈ ದಾರಿಯಿಂದ ಬಂದವು. 2013ರಲ್ಲಿ 'ಬ್ರೇನ್ ಪ್ರೈಜ್' ಆರು ಮಂದಿಗೆ ದೊರೆಯಿತು. ಹೆಗೆಮಾನ್, ನಾಗೆಲ್, ಬಾಂಬರ್ಗ್, ಡೈಸೆರಾತ್, ಬಾಯ್ಡನ್ ಮತ್ತು 2002ರಲ್ಲೇ ನೊಣದ ಕಣ್ಣಿನ ಜೀನುಗಳಿಂದ ನರಕೋಶಗಳಿಗೆ ಬೆಳಕಿನ ಸ್ಪಂದನ ತಂದಿದ್ದ ಗೀರೊ ಮೀಸೆನ್‌ಬಾಕ್. ಆರರಲ್ಲಿ ಪಾನ್ ಇರಲಿಲ್ಲ.

ಆದರೆ ಪಾನ್ ಕೈಚೆಲ್ಲಿ ಕೂರಲಿಲ್ಲ. ಅವರ 2006ರ ಪ್ರಬಂಧದಲ್ಲಿ, ಕುರುಡಾದ ಇಲಿಗಳ ಅಕ್ಷಿಪಟಲ ಮತ್ತೆ ಬೆಳಕಿಗೆ ಸ್ಪಂದಿಸಿ ಆ ಸಂಕೇತ ಮಿದುಳಿನ ದೃಷ್ಟಿಭಾಗದವರೆಗೂ ತಲುಪಿತ್ತು. ತೊಂದರೆ ಒಂದೇ. ಪಾಚಿಯ ಪ್ರೊಟೀನಿಗೆ ಬಹಳ ಪ್ರಖರ ಬೆಳಕು ಬೇಕು. ಮುಂದಿನ ವರ್ಷಗಳಲ್ಲಿ ಅವರು ಕಡಿಮೆ ಬೆಳಕಿಗೂ ಸ್ಪಂದಿಸುವ ಮಾರ್ಪಾಟುಗಳನ್ನು ರೂಪಿಸುವುದರಲ್ಲೇ ತೊಡಗಿದರು. 2016ರಲ್ಲಿ ಟೆಕ್ಸಾಸ್‌ನಲ್ಲಿ, ಅವರ ಸಂಶೋಧನೆಯನ್ನೇ ಆಧಾರವಾಗಿಟ್ಟುಕೊಂಡು, ಆಪ್ಟೊಜೆನೆಟಿಕ್ಸ್ ಚಿಕಿತ್ಸೆಯನ್ನು ಮೊದಲ ಬಾರಿಗೆ ಮನುಷ್ಯರ ಕಣ್ಣಿನಲ್ಲಿ ಪ್ರಯೋಗಿಸಲಾಯಿತು.

2021ರಲ್ಲಿ ಪ್ಯಾರಿಸ್ಸಿನಿಂದ ಮತ್ತೊಂದು ಸುದ್ದಿ ಬಂತು. ದಶಕಗಳ ಹಿಂದೆ ದೃಷ್ಟಿ ಕಳೆದುಕೊಂಡಿದ್ದ 58 ವರ್ಷದ ವ್ಯಕ್ತಿಯೊಬ್ಬರ ಒಂದು ಕಣ್ಣಿಗೆ ಬೇರೊಂದು ತಂಡ ಇಂಥದೇ ಪಾಚಿಮೂಲದ ಜೀನನ್ನು ಸೇರಿಸಿತ್ತು. ವಿಶೇಷ ಕನ್ನಡಕ ಧರಿಸಿ, ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಮೇಲೆ, ಅವರು ಮೇಜಿನ ಮೇಲಿದ್ದ ನೋಟ್‌ಬುಕ್ಕನ್ನು ಕಂಡು ಮುಟ್ಟಿದರು, ಲೋಟಗಳನ್ನು ಎಣಿಸಿದರು. ರಸ್ತೆ ದಾಟುವ ಬಿಳಿ ಪಟ್ಟೆಗಳನ್ನೂ ಗುರುತಿಸಿದರು. ಮುಖ ಗುರುತಿಸುವಷ್ಟು, ಪುಸ್ತಕ ಓದುವಷ್ಟು ದೃಷ್ಟಿ ಬಂದಿರಲಿಲ್ಲ. ಆದರೂ ಏನೂ ಕಾಣದಿದ್ದವರಿಗೆ ಅದು ಸಣ್ಣ ಮಾತೇ?

ಪ್ರಶಸ್ತಿಗಳ ಪಟ್ಟಿಯಿಂದಲೇ ವಿಜ್ಞಾನದ ಚರಿತ್ರೆ ಕಲಿಸಿದರೆ ಪಾನ್ ಅಂಥವರು ನಮ್ಮ ಮಕ್ಕಳಿಗೆ ಸಿಗುವುದೇ ಇಲ್ಲ. ಪಾಚಿ ಏಕೆ ಬೆಳಕಿನತ್ತ ಈಜುತ್ತದೆಂದು ಕೇಳಿದ ಹೆಗೆಮಾನ್ ಅಂಥವರೂ ಹಿಂದೆ ಸರಿಯುತ್ತಾರೆ. ಆ ಪ್ರಶ್ನೆಯನ್ನು ನಮ್ಮ ಶಾಲೆಗಳಲ್ಲೂ ಕೇಳಬಹುದು. ಹಸಿರುಗಟ್ಟಿದ ಕೆರೆಯ ನೀರನ್ನು ಒಂದು ಗಾಜಿನ ಲೋಟದಲ್ಲಿ ತಂದು ಕಿಟಕಿಯ ಬಳಿ ಇಡಿ. ಆ ನೀರಿನಲ್ಲಿ ಈಜುವ ಪಾಚಿಗಳಿದ್ದರೆ, ಸ್ವಲ್ಪ ಹೊತ್ತಿನಲ್ಲಿ ಕಿಟಕಿಯ ಕಡೆಯ ಹಸಿರು ದಟ್ಟವಾಗುತ್ತದೆ. ಏಕೆ ಹೀಗೆ ಎಂದು ಮಕ್ಕಳು ಕೇಳಲಿ. ಪ್ರಯೋಜನದ ಮಾತು ಆಮೇಲೆ.