ಹುಳು ಸಾಕಿ ಚಿಟ್ಟೆ ಗುರುತಿಸಿದ ಕಾರವಾರ

ನಾಲವಾರದ ಸುತ್ತಲಿನ ತೊಗರಿ ಹೊಲ ಹೂವಿಗೆ ಬಂದಾಗ ತಿಳಿನೀಲಿ ಬಣ್ಣದ ಸಣ್ಣ ಪಾತರಗಿತ್ತಿಯೊಂದು ಸಾಲುಗಳ ನಡುವೆ ಸುಳಿದಾಡುತ್ತದೆ. ಹಿಂದಿನ ರೆಕ್ಕೆಗೆ ಕೂದಲೆಳೆಯಷ್ಟು ತೆಳು ಬಾಲ, ಬಾಲದ ಬುಡದಲ್ಲಿ ಎರಡು ಕಪ್ಪು ಬೊಟ್ಟು. ಪೀ ಬ್ಲೂ ಎಂಬ ಹೆಸರಿನ ಈ ಚಿಟ್ಟೆಯನ್ನು ರೈತರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೊಗ್ಗು ಕೊರೆದು ಎಳೆಗಾಯಿಯ ಕಾಳಿಗೆ ಬಾಯಿ ಹಾಕುವ ಅದರ ಹುಳುವಾದರೆ ಅವರಿಗೆ ಚೆನ್ನಾಗಿ ಗೊತ್ತು. ಹೀಗೆ ಗಿಡ ನೋಡಿ, ಹುಳು ನೋಡಿ, ಅದರಿಂದ ಚಿಟ್ಟೆ ಗುರುತಿಸುವ ಕ್ರಮವನ್ನು ನೂರಿಪ್ಪತ್ತೈದು ವರ್ಷಗಳಿಗೂ ಹಿಂದೆ ಒಂದಿಡೀ ಜಿಲ್ಲೆಯ ಮಟ್ಟದಲ್ಲಿ ನಡೆಸಿ ತೋರಿಸಿದವರು ಕರಾವಳಿಯಲ್ಲಿ, ಉತ್ತರ ಕನ್ನಡದಲ್ಲಿದ್ದರು.

ಆಗ ನಾಲವಾರ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಬಿಟ್ಟು ಮುಂಬೈ ಪ್ರಾಂತಕ್ಕೆ ಸೇರಿತ್ತು. 1883ರಲ್ಲಿ ಮುಂಬೈಯಲ್ಲಿ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹುಟ್ಟಿತು. ಮೂರು ವರ್ಷದ ಮೇಲೆ ಅದರ ಜರ್ನಲ್ ಶುರುವಾಯಿತು. ಕಾರವಾರದ ಕಾಡಿನ ಸುದ್ದಿಗೆ ಅಲ್ಲಿ ಜಾಗ ಸಿಕ್ಕಿತು.

ಸುದ್ದಿ ಬರೆದವರು ಮೂವರು ಅಧಿಕಾರಿಗಳು, ಮೂರು ಇಲಾಖೆಯವರು. ಸತಾರಾದಲ್ಲಿ ಹುಟ್ಟಿದ ಇ.ಎಚ್. ಏಟ್ಕನ್ ಉಪ್ಪು ಮತ್ತು ಸುಂಕದ ಇಲಾಖೆಯವ, ಸೊಸೈಟಿಯ ಸ್ಥಾಪಕರಲ್ಲೊಬ್ಬ, ನಗೆ ಬರಹಗಾರ. ಜೇಮ್ಸ್ ಡೇವಿಡ್‌ಸನ್ ಜಿಲ್ಲೆಯ ಕಲೆಕ್ಟರ್, ಹಕ್ಕಿಗಳ ಹುಚ್ಚಿನವ. ಕಿರಿಯವನಾದ ಟಿ.ಆರ್. ಬೆಲ್ 1884ರಲ್ಲಿ ಅರಣ್ಯ ಇಲಾಖೆಗೆ ಬಂದ ಐರಿಷ್ ಮೂಲದವ. ಕಂದಾಯ, ಸುಂಕ, ಕಾಡು ನೋಡಿಕೊಳ್ಳಬೇಕಾದವರು ಬಿಡುವಿನಲ್ಲಿ ಎಲೆ ಮಗುಚಿ ಹುಳು ಹುಡುಕುತ್ತಿದ್ದರು.

ಅದುವರೆಗೆ ಬಂದಿದ್ದ ದೊಡ್ಡ ಪುಸ್ತಕಗಳು ಬಹುಮಟ್ಟಿಗೆ ಸೂಜಿ ಚುಚ್ಚಿಟ್ಟ ರೆಕ್ಕೆಗಳನ್ನೇ ನಂಬಿದ್ದವು. ರೆಕ್ಕೆ ಮೋಸ ಮಾಡುತ್ತದೆ. ಕಾಮನ್ ಮಾರ್ಮನ್ ಎಂಬ ಚಿಟ್ಟೆಯ ಹೆಣ್ಣುಗಳನ್ನೇ ನೋಡಿ: ಕೆಲವು ಗಂಡಿನಂತೆಯೇ ಇದ್ದರೆ, ಕೆಲವು ಕಾಮನ್ ರೋಸ್‌ನ ವೇಷ ತೊಡುತ್ತವೆ, ಇನ್ನು ಕೆಲವು ಕ್ರಿಮ್ಸನ್ ರೋಸ್‌ನ ವೇಷ. ವಿಷದ ಈಶ್ವರಿ ಬಳ್ಳಿ ತಿಂದು ಬೆಳೆಯುವ ಆ ಎರಡೂ ರೋಸ್‌ಗಳನ್ನು ಹಕ್ಕಿಗಳು ದೂರವಿಡುತ್ತವೆ. ಮಾರ್ಮನ್ ಆ ಹೆಸರಿನ ಮೇಲೆ ಬದುಕುತ್ತದೆ. ಹಾರುವಾಗ ರೆಕ್ಕೆ ಒಂದೇ ಥರ ಕಂಡರೂ ಮೈ ಗುಟ್ಟು ಬಿಟ್ಟುಕೊಡುತ್ತದೆ. ರೋಸ್‌ನ ಮೈ ಕೆಂಪು, ಮಾರ್ಮನ್‌ನದು ಕಪ್ಪು. ಹುಳುವಿನ ಹಂತದಲ್ಲಿ ಈ ಗೊಂದಲವೇ ಇಲ್ಲ. ಮಾರ್ಮನ್‌ನ ಹುಳು ನಿಂಬೆ, ಕರಿಬೇವಿನ ಮೇಲಿರುತ್ತದೆ. ಎಳೆಯದರಲ್ಲಿ ಹಕ್ಕಿ ಹಿಕ್ಕೆಯಂತೆ ಕಂಡು, ಬಲಿತ ಮೇಲೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲುಗೊಂಬು ಹೊರಹಾಕಿ ವಾಸನೆ ಬಿಡುತ್ತದೆ. ರೋಸ್‌ನ ಕಪ್ಪುಗೆಂಪು ಹುಳು ಈಶ್ವರಿ ಬಳ್ಳಿಯನ್ನು ಬಿಟ್ಟು ಅತ್ತ ಹಾಯುವುದಿಲ್ಲ.

ಡೇವಿಡ್‌ಸನ್ ಮತ್ತು ಏಟ್ಕನ್ 1890ರಲ್ಲೇ ಮುಂಬೈ ಪ್ರಾಂತದ ಚಿಟ್ಟೆಗಳ ಹುಳು ಮತ್ತು ಕೋಶಗಳ ಬಗ್ಗೆ ಬರೆದರು. 1896ರ ಹೊತ್ತಿಗೆ ಬೆಲ್ ಜೊತೆಗೂಡಿ, ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳ ಕುರಿತ ಸರಣಿ ಜರ್ನಲ್‌ನಲ್ಲಿ ಬರತೊಡಗಿತು. ಬಿಂಗ್‌ಹ್ಯಾಮ್ 1905 ಮತ್ತು 1907ರಲ್ಲಿ ಭಾರತದ ಚಿಟ್ಟೆಗಳ ಸಂಪುಟಗಳನ್ನು ತಂದಾಗ, ಹುಳುವಿನ ವಿವರಕ್ಕೆ ಎಷ್ಟೋ ಕಡೆ ಈ ಕಾರವಾರದ ಬರಹವನ್ನೇ ಎತ್ತಿಕೊಂಡ.

ಮೂವರಲ್ಲಿ ಕೊನೆಯವರೆಗೂ ಇದನ್ನು ಬಿಡದವನು ಬೆಲ್. ಬಯಲು ನಾಡಿನ ಸಾಮಾನ್ಯ ಚಿಟ್ಟೆಗಳ ಮೇಲೆ ಅವನ ಲೇಖನಮಾಲೆ 1909ರಿಂದ 1927ರವರೆಗೆ ನಡೆಯಿತು. ನೀಲಿ ಚಿಟ್ಟೆಗಳ ಹುಳು ಒಸರುವ ಸಿಹಿರಸಕ್ಕೆ ಮುತ್ತುವ ಇರುವೆಗಳನ್ನೂ ಅವನು ಗಮನಿಸಿ ಬರೆದಿಟ್ಟ. 1920ರಲ್ಲಿ ನಿವೃತ್ತನಾದ ಮೇಲೆ ಇಂಗ್ಲೆಂಡಿಗೆ ಹೊರಡದೆ ಕಾರವಾರದಲ್ಲೇ ನೆಲೆಸಿ, 1948ರಲ್ಲಿ ಅಲ್ಲೇ ತೀರಿಕೊಂಡ. ಅಧಿಕಾರದ ಗತ್ತಿನ ಎಷ್ಟೋ ಗ್ಯಾಜೆಟಿಯರ್‌ಗಳಿಗಿಂತ ಅವನ ಹುಳುವಿನ ಟಿಪ್ಪಣಿ ಇಂದಿಗೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಆ ಕ್ರಮ ಕಲಿಯಲು ಘಟ್ಟ ಇಳಿಯಬೇಕಿಲ್ಲ. ನಾಲವಾರದ ಕಡೆ ಹಾರುವ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್‌ಗೂ ಒಂದು ನಕಲಿದೆ, ಡನಾಯ್ಡ್ ಎಗ್‌ಫ್ಲೈನ ಹೆಣ್ಣು. ಎರಡರ ರೆಕ್ಕೆ ನೋಡಿ ತಡಕಾಡುವ ಬದಲು ಬೇಲಿಯ ಎಕ್ಕೆ ಗಿಡದ ಎಲೆ ಮಗುಚಿರಿ. ಕಪ್ಪು, ಬಿಳಿ, ಹಳದಿ ಪಟ್ಟೆಯ ಮೈಮೇಲೆ ಮೂರು ಜೋಡಿ ಕಪ್ಪು ಎಳೆಗಳಿದ್ದರೆ ಅದು ಪ್ಲೇನ್ ಟೈಗರ್‌ನ ಹುಳು. ಎಗ್‌ಫ್ಲೈನ ಹುಳು ಎಕ್ಕೆ ತಿನ್ನುವುದಿಲ್ಲ, ಅದಕ್ಕೆ ಗೋಣಿ ಸೊಪ್ಪು ಬೇಕು. ಗಾಳಿಯಾಡುವ ಡಬ್ಬಿಯಲ್ಲಿ ದಿನಾ ಹೊಸ ಎಲೆ ಹಾಕಿ ಸಾಕಿದರೆ ಎರಡು-ಮೂರು ವಾರದಲ್ಲಿ ಚಿಟ್ಟೆಯೇ ಹೊರಬಂದು ಅನುಮಾನ ತೀರಿಸುತ್ತದೆ. ಎಕ್ಕೆಯ ಹಾಲು ಮಾತ್ರ ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ.