ಬಸವನಗುಡಿಯೋ, ಜಯನಗರವೋ?

ಮಕ್ಕಳ ಶಾಲೆಗಾಗಿ ಯಾವ ಬಡಾವಣೆಯಲ್ಲಿ ಮನೆ ಹಿಡಿಯುವುದೆಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ಕೇಳಿದರು. ಪ್ರಶ್ನೆ ಹೊಸದಲ್ಲ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ, ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲೆಂದು ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡವು. ಅಗಲವಾದ ರಸ್ತೆ, ಗಾಳಿ, ಬೆಳಕುಗಳೇ ಅಂದಿನ ಆಕರ್ಷಣೆ. ಶಾಲೆಗಳ ಹೆಸರು ಬೆಳೆದದ್ದು ಅನಂತರ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು 1917ರಲ್ಲಿ ಆರಂಭವಾಯಿತು. ಅಲ್ಲಿ ಓದಲೆಂದು ಗೌರಿಬಿದನೂರಿನ ಹೊಸೂರಿನಿಂದ ಎಚ್. ನರಸಿಂಹಯ್ಯನವರು 1935ರಲ್ಲಿ ಎರಡು ದಿನ ನಡೆದು ಬಂದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಪಕ್ಕದ ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಅಲ್ಲಿ ನಿವೇಶನಗಳು ವಿಶಾಲ. ನೆರೆಯ ಬಡಾವಣೆಗಿದ್ದ ಹಳೆಯ ಶಾಲೆಗಳ ಪರಂಪರೆ ಅದಕ್ಕಿರಲಿಲ್ಲ.

1971ರಲ್ಲಿ ನಮ್ಮ ತಂದೆಯವರಿಗೆ ತುಮಕೂರಿನಿಂದ ಬೆಂಗಳೂರಿಗೆ ವರ್ಗವಾಯಿತು. ಜಯನಗರದಲ್ಲಿ ಹಿತ್ತಿಲಿದ್ದ ಮನೆ, ಬಸವನಗುಡಿಯ ವಠಾರದಲ್ಲಿ ಎರಡು ಕೋಣೆ. ಬಾಡಿಗೆ ಹೆಚ್ಚುಕಡಮೆ ಒಂದೇ. "ಮಕ್ಕಳು ನಡೆದೇ ಹೋಗುವಷ್ಟು ಹತ್ತಿರ ಶಾಲೆಯಿದೆಯಲ್ಲಾ" ಎಂದು ಅಮ್ಮ ವಠಾರವನ್ನೇ ಆರಿಸಿದರು. ನಾನು ಮೇಷ್ಟರಾದದ್ದಕ್ಕೆ ಆ ಶಾಲೆಯೇ ಕಾರಣ. ಆದರೆ ಎರಡು ಕೋಣೆಯಲ್ಲಿ ಅಜ್ಜಿಗೆ ಜಾಗವಿರಲಿಲ್ಲ. ಅವರು ಊರಿನಲ್ಲೇ ಉಳಿದರು. ನಾಲ್ಕು ವರ್ಷಗಳ ಬಳಿಕ ಅಲ್ಲಿಯೇ ತೀರಿಕೊಂಡರು. ಜಯನಗರದ ಆ ಹಿತ್ತಿಲಿನ ಮಾತು ಬಂದಾಗಲೆಲ್ಲ ತಂದೆಯವರು ಮೌನವಾಗುತ್ತಿದ್ದರು.

ಅಮ್ಮನ ಆಯ್ಕೆ ತಪ್ಪೆಂದು ನಾನು ಇಂದಿಗೂ ಹೇಳಲಾರೆ. ಕೇಳಿದ ವಿದ್ಯಾರ್ಥಿಗೆ ಇಷ್ಟೇ ಬರೆದೆ: ಶಾಲೆಗೆ ಎಷ್ಟು ದೂರವೆಂದು ಅಳೆಯಿರಿ, ಜೊತೆಗೆ ಮನೆಯಲ್ಲಿ ಯಾರು ಯಾರಿಗೆ ಜಾಗವಿದೆಯೆಂದೂ ಎಣಿಸಿರಿ.